ಹೋಬಳಿಗೆ ಕೃಷಿ ಸಿಬ್ಬಂದಿ ಒಬ್ಬರೇ ಉಳಿದರೆ ಅವರು ಯಾವ ಕೆಲಸ ಮಾಡಬೇಕು, ಯಾವುದು ಬಿಡಬೇಕು?

ಗೋವಿನಜೋಳ_ಹಾವೇರಿ · ಭಾನುವಾರ, ಬೆಳಿಗ್ಗೆ 7:10

ಎಲ್ಲಾರಿಗೂ ನಮಸ್ಕಾರ. ಐದೆಕರೆ ಮಳೆಯಾಶ್ರಿತ ಹೊಲ ನಂದು. ಗೋವಿನಜೋಳ, ಸ್ವಲ್ಪ ಹತ್ತಿ, ಒಂದೆಕರೆ ಮೆಣಸಿನಕಾಯಿ. ನಮ್ಮ ಹೋಬಳಿ ರೈತ ಸಂಪರ್ಕ ಕೇಂದ್ರದಾಗ ಮೊದಲು ಒಬ್ಬ ಕೃಷಿ ಅಧಿಕಾರಿ, ಮೂವರು ಸಹಾಯಕ ಕೃಷಿ ಅಧಿಕಾರಿ, ಇಬ್ಬರು ಗುತ್ತಿಗಿ ಹುಡುಗರು ಇದ್ದರು. ಈಗ ಅಧಿಕಾರಿಗೆ ಪಕ್ಕದ ಹೋಬಳಿದೂ ಪ್ರಭಾರ. ಸಹಾಯಕರೊಳಗ ಇಬ್ಬರು ನಿವೃತ್ತಿ ಆದರು, ಜಾಗ ಖಾಲಿ. ಒಬ್ಬರು ದೀರ್ಘ ರಜಾದಾಗ ಅದಾರ. ಗುತ್ತಿಗಿ ಹುಡುಗರೊಳಗ ಒಬ್ಬನ್ನ ಮಾರ್ಚಿಗೆ ಮನಿಗೆ ಕಳಿಸಿದರು, ಅನುದಾನ ಬಂದಿಲ್ಲಂತ. ಲೆಕ್ಕ ಹಾಕಿದ್ರ ಒಂದೂವರೆ ಮಂದಿ ಉಳಿದಾರ.

ತಾಲ್ಲೂಕು ರೈತ ಸಲಹಾ ಸಮಿತಿಯೊಳಗ ನನ್ನ ಹೆಸರು ಸೇರಿಸ್ಯಾರ. "ಇರೋ ಮಂದಿಯೊಳಗ ಕೆಲಸ ಹೆಂಗ ಹೊಂದಿಸಬೇಕು, ಬರಕೊಂಡು ಬರ್ರಿ" ಅಂದಾರ. ಖಾಲಿ ಹುದ್ದೆ ತುಂಬ್ರಿ ಅಂತ ಹೆಂಗೂ ಬರೀತೀನಿ, ಎಂಟು ವರ್ಷದಿಂದ ಬರೀತಾನ ಬಂದೇವಿ. ನನ್ನ ಪ್ರಶ್ನಿ ಬ್ಯಾರೆ. ರೊಕ್ಕ ಬರೂದಿಲ್ಲ ಅಂತಾನ ಇಟಕೊಳ್ರಿ. ಆ ಒಂದೂವರೆ ಮಂದಿ ಏನು ಮಾಡಬೇಕು? ಅದಕ್ಕಿಂತ ಮುಖ್ಯ, ಏನು ಬಿಡಬೇಕು?

ಕಾವೇರಿ_ಬಯಲು · ಭಾನುವಾರ, 8:02

ನಮ್ ಕಡೆನೂ ಅದೇ ಕತೆ ಕಣಣ್ಣ. ನಾನು ಸಂಪರ್ಕ ಕೇಂದ್ರಕ್ಕೆ ಹೋಗಿದ್ದು ವರ್ಷದಲ್ಲಿ ಎರಡೇ ಸಲ. ಒಂದ್ಸಲ ಭತ್ತದ ಬಿತ್ತನೆ ಬೀಜಕ್ಕೆ, ಇನ್ನೊಂದ್ಸಲ ಟಾರ್ಪಾಲಿಗೆ. ಬೀಜ ಸಿಕ್ತು, ಟಾರ್ಪಾಲು ಸಿಗ್ನಿಲ್ಲ. ಭತ್ತಕ್ಕೆ ಬೆಂಕಿ ರೋಗ ಬಂದಾಗ ಅಲ್ಲಿಗೆ ಹೋಗ್ಬೇಕು ಅಂತ ನಂಗೆ ಹೊಳೀಲೇ ಇಲ್ಲ. ಸೀದಾ ಔಷಧಿ ಅಂಗಡಿಗೆ ಹೋದೆ.

ಸೈಕಲ್_ಸಾಹೇಬ · ಭಾನುವಾರ, 10:45

ನಾನು ಇಲಾಖೆಯಲ್ಲಿ ಮೂವತ್ತಮೂರು ವರ್ಷ ದುಡಿದು ನಿವೃತ್ತನಾದವನು. ಸೇರಿದ್ದು 1983ರಲ್ಲಿ, ಕೃಷಿ ಸಹಾಯಕನಾಗಿ. ಬರಹ ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ಆಗ ನಡೆಯುತ್ತಿದ್ದುದು ತರಬೇತಿ ಮತ್ತು ಭೇಟಿ ಪದ್ಧತಿ. ನಾವೆಲ್ಲ 'ಟಿ ಅಂಡ್ ವಿ' ಎನ್ನುತ್ತಿದ್ದೆವು. ಡೇನಿಯಲ್ ಬೆನೋರ್ ಎಂಬ ಇಸ್ರೇಲಿನ ತಜ್ಞರು ರೂಪಿಸಿದ್ದು, ವಿಶ್ವಬ್ಯಾಂಕಿನ ಸಾಲದಲ್ಲಿ ನಡೆದದ್ದು. ಒಬ್ಬ ಸಹಾಯಕನಿಗೆ ಒಂದು ವೃತ್ತ. ಆ ವೃತ್ತವನ್ನು ಎಂಟು ಗುಂಪು ಮಾಡಬೇಕು. ಹದಿನೈದು ದಿನಕ್ಕೊಮ್ಮೆ, ಗೊತ್ತಾದ ವಾರ, ಗೊತ್ತಾದ ಹಳ್ಳಿ. ನನ್ನ ಒಂದು ಊರಿಗೆ ಗುರುವಾರ. ಸಮಾಜ ಮಂದಿರದ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಸಿದ್ದೆವು. ಮಳೆ ಬರಲಿ, ಜಾತ್ರೆ ಇರಲಿ, ಗುರುವಾರ ಬೆಳಿಗ್ಗೆ ಸೈಕಲ್ಲು ಅಲ್ಲಿ ನಿಲ್ಲಬೇಕು. ಹದಿನೈದು ದಿನಕ್ಕೊಮ್ಮೆ ನಮಗೇ ಪಾಠ ಇರುತ್ತಿತ್ತು. ವಿಷಯ ತಜ್ಞರು ಬಂದು, ಮುಂದಿನ ಎರಡು ವಾರ ರೈತರಿಗೆ ಹೇಳಬೇಕಾದ ಮೂರೋ ನಾಲ್ಕೋ ಮಾತು ಮಾತ್ರ ಕಲಿಸಿ ಕಳಿಸುವರು. ಮುಖ್ಯವಾಗಿ, ಬೀಜ ಗೊಬ್ಬರ ಮಾರುವ ಕೆಲಸ ನಮಗೆ ಇರಕೂಡದು ಎಂಬುದು ಆ ಪದ್ಧತಿಯ ಮೊದಲ ನಿಯಮ.

ಆ ಕಾಲ ಚಿನ್ನದ ಕಾಲ ಎಂದು ಹೇಳಲಾರೆ. 'ಸಂಪರ್ಕ ರೈತ' ಎಂದು ಆರಿಸುತ್ತಿದ್ದೆವಲ್ಲ, ಅವರು ಬಹುಪಾಲು ಗೌಡರ ಮನೆಯವರೇ, ಬಾವಿ ಇದ್ದವರೇ. ಅವರಿಂದ ಉಳಿದವರಿಗೆ ಹರಿದು ಹೋಗುತ್ತದೆ ಎಂಬುದು ಲೆಕ್ಕ. ಹರಿಯಲಿಲ್ಲ. ಹೆಣ್ಣುಮಕ್ಕಳ ಜೊತೆ ಮಾತಾಡಿದ ನೆನಪೇ ನನಗಿಲ್ಲ. ಕಳೆ ತೆಗೆಯುವವರು, ಬೀಜ ಕಾಪಿಡುವವರು ಅವರೇ ಆಗಿದ್ದರೂ. ಡೈರಿಯಲ್ಲಿ ಭೇಟಿ ಬರೆದು ಮನೆಯಲ್ಲಿ ಕೂತ ಗುರುವಾರಗಳೂ ಇವೆ. ಈಗ ಪಿಂಚಣಿ ಬಂದಾಯಿತು, ಒಪ್ಪಿಕೊಳ್ಳಲು ತೊಂದರೆಯಿಲ್ಲ.

90ರ ದಶಕದಲ್ಲಿ ಸಾಲದ ಹಣ ನಿಂತಿತು. ಮೊದಲು ಹೋದದ್ದು ನಮ್ಮ ಪಾಕ್ಷಿಕ ತರಬೇತಿ, ಆಮೇಲೆ ಪ್ರಯಾಣ ಭತ್ಯೆ. ಸಂಬಳ ಮಾತ್ರ ಉಳಿಯಿತು. ಖಾಲಿ ಹುದ್ದೆ ತುಂಬಲಿಲ್ಲ. 2000ದಲ್ಲಿ ರೈತ ಮಿತ್ರ ಯೋಜನೆ ಬಂತು, ಹೋಬಳಿಗೊಂದು ಸಂಪರ್ಕ ಕೇಂದ್ರ ಆಯಿತು. ನಮಗೆ ಕುರ್ಚಿ ಸಿಕ್ಕಿತು, ತಲೆ ಮೇಲೆ ಫ್ಯಾನು ಸಿಕ್ಕಿತು, ಖುಷಿಯೇ ಆಯಿತು. ಆದರೆ ಅವತ್ತಿನಿಂದ ನಾವು ಊರಿಗೆ ಹೋಗುವುದು ನಿಂತು, ಊರು ನಮ್ಮ ಬಾಗಿಲಿಗೆ ಬರುವುದು ಶುರುವಾಯಿತು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯ ಗ್ರಾಮಸೇವಕರು ಹಳ್ಳಿಯಲ್ಲೇ ಇರುತ್ತಿದ್ದರು. ನಾವು ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆವು. ಆಮೇಲೆ ಹೋಬಳಿಯಲ್ಲಿ ಕೂತೆವು. ಈಗ ದೂರವಾಣಿ. ದುಡ್ಡು ಕಡಿಮೆಯಾದಾಗಲೆಲ್ಲ ಇಲಾಖೆ ಹೊಲದಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದಿದೆ. ಪ್ರತಿ ಸಲವೂ ಅದಕ್ಕೊಂದು ಹೊಸ ಹೆಸರು ಇಟ್ಟಿದೆ.

ಹಾವೇರಿಯವರೇ, ನನ್ನ ಉತ್ತರ ಇಷ್ಟೇ: ಗೊತ್ತಾದ ದಿನ, ಗೊತ್ತಾದ ಜಾಗ. ಅದಕ್ಕೆ ದುಡ್ಡು ಬೇಡ.

ಹೆಸರು_ಬೇಡ · ಭಾನುವಾರ, ರಾತ್ರಿ 9:20

ಈಗ ಸೇವೆಯಲ್ಲಿರುವವನು, ಜಿಲ್ಲೆ ಕೇಳಬೇಡಿ. ಸೈಕಲ್ ಸಾಹೇಬರೇ, ಗೊತ್ತಾದ ದಿನ ಹೋಗಬೇಕು ಅಂದ್ರೆ ಆ ದಿನ ನನ್ನದಾಗಿರಬೇಕಲ್ಲ ಸರ್. ನನ್ನ ವರ್ಷ ಹೇಗಿದೆ ಕೇಳಿ.

ಮೇ ಕೊನೆಯಿಂದ ಜುಲೈವರೆಗೆ ಬೀಜ ವಿತರಣೆ. ಪಹಣಿ, ಆಧಾರ್, ರೈತನ ಗುರುತಿನ ಎಫ್‌ಐಡಿ ನಂಬರು, ಕ್ಯೂ, ಸರ್ವರ್ ಡೌನು, ಬೈಗುಳ. ಎಫ್‌ಐಡಿ ಇಲ್ಲದವರಿಗೆ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿ. ಜೊತೆಗೆ ಪಿಎಂ ಕಿಸಾನ್ ಇ-ಕೆವೈಸಿ. ಗೊಬ್ಬರ ಅಂಗಡಿಗಳ ದಾಸ್ತಾನು ತಪಾಸಣೆ, ಮಾದರಿ ತೆಗೆಯೋದು, ಕಳಪೆ ಅಂತ ಬಂದ್ರೆ ಕೋರ್ಟಿಗೆ ಅಲೆಯೋದು. ಬೆಳೆ ಸಮೀಕ್ಷೆಯ ಆಕ್ಷೇಪಣೆ. ಮಳೆ ಹೆಚ್ಚಾದ್ರೂ ಕಡಿಮೆಯಾದ್ರೂ ಕಂದಾಯದವರ ಜೊತೆ ಜಂಟಿ ಸಮೀಕ್ಷೆ. ವಿಮೆಗಾಗಿ ಬೆಳೆ ಕಟಾವು ಪ್ರಯೋಗ. ತುಂತುರು ನೀರಾವರಿ ಪೈಪಿನ ಅರ್ಜಿ. ಮಾರ್ಚ್ ಬಂತು ಅಂದ್ರೆ ಪ್ರಗತಿ ವರದಿ. ನಾನು ಓದಿದ್ದು ಸಸ್ಯರೋಗ ಶಾಸ್ತ್ರ. ಕಳೆದ ವರ್ಷ ನಾನಾಗಿ ಹೊಲಕ್ಕೆ ಹೋಗಿ ಎಲೆ ತಿರುಗಿಸಿ ನೋಡಿದ್ದು ಆರೇಳು ಸಲ ಇರಬಹುದು.

ದುಡ್ಡಿನ ಮಾತು. ರೈತರಿಗೆ ತರಬೇತಿ, ಸಲಹೆ ಕೊಡೋಕೆ ಅಂತ ಇರೋ ಆತ್ಮ ಯೋಜನೆ 2005-06ರಲ್ಲಿ ಶುರುವಾದಾಗ ಕೇಂದ್ರ 90, ರಾಜ್ಯ 10 ಪಾಲು. 2015-16ರಿಂದ ಅದು 60:40 ಆಯ್ತು. ತಾಲ್ಲೂಕಿನ ತಾಂತ್ರಿಕ ವ್ಯವಸ್ಥಾಪಕರು ಎಲ್ಲ ಆ ಯೋಜನೆಯ ಗುತ್ತಿಗೆಯವರು. ಎರಡು ಕಡೆಯ ಕಂತಿನಲ್ಲಿ ಒಂದು ತಡವಾದ್ರೂ ಮೊದಲು ನಿಲ್ಲೋದು ಅವರ ಸಂಬಳ, ಎರಡನೇದು ಪ್ರಾತ್ಯಕ್ಷಿಕೆ. ಕಟ್ಟಡದ ಬಿಲ್ಲು ಯಾವತ್ತೂ ನಿಂತಿದ್ದು ನೋಡಿಲ್ಲ. ಇದು ಕಹಿ ಮಾತು, ಇರಲಿ.

ಏನು ಬಿಡಬೇಕು ಅಂತ ಕೇಳಿದ್ರಿ. ಕೌಂಟರ್ ಬಿಡಿಸಿ. ಬೀಜ, ಟಾರ್ಪಾಲು, ಪೈಪು ಎಲ್ಲ ಸೊಸೈಟಿಗೆ ಕೊಡಿ. ಹಂಗಾಮಿನಲ್ಲಿ ಹೆಚ್ಚುವರಿ ಮಾರಾಟ ಕೇಂದ್ರ ಅಂತ ಕೆಲವು ಸೊಸೈಟಿಗಳಲ್ಲಿ ಈಗಲೂ ಮಾಡ್ತೀವಿ, ನಡೆಯುತ್ತೆ.

ಕಾವೇರಿ_ಬಯಲು · ಭಾನುವಾರ, 9:41

ಸೊಸೈಟಿಗೆ ಕೊಟ್ರೆ ಸೊಸೈಟಿ ಅಧ್ಯಕ್ಷನ ಮನೆ ಮುಂದೆ ಕ್ಯೂ ನಿಲ್ಬೇಕು ಅಷ್ಟೆಯ. ಸದಸ್ಯ ಅಲ್ದೋನಿಗೆ ಕೊಡ್ತಾರ? ಗೇಣಿಗೆ ಮಾಡೋನ ಹೆಸ್ರಲ್ಲಿ ಪಹಣಿನೇ ಇರಲ್ಲ, ಅವನು ಎಲ್ಲಿಗೆ ಹೋಗ್ಬೇಕು?

ಹೆಸರು_ಬೇಡ · ಭಾನುವಾರ, 9:50

ಗೇಣಿದಾರನಿಗೆ ಈಗ ನನ್ನ ಕೌಂಟರಿನಲ್ಲೂ ಸಿಗಲ್ಲ ಅಣ್ಣ. ನಿಮ್ಮ ಮಾತು ಸರಿ, ಆದರೆ ಅದಕ್ಕೆ ನಾನು ಕೌಂಟರಿನಲ್ಲಿ ಕೂತಿರೋದು ಪರಿಹಾರ ಅಲ್ಲ.

ಕೋಡ್_ಕೃಷಿ · ಸೋಮವಾರ, 8:15

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು, ಅಪ್ಪ ಊರಲ್ಲಿ ಬೇಸಾಯ ಮಾಡ್ತಾರೆ. ಎಲ್ಲರೂ ಹಳೇ ಕಾಲಕ್ಕೆ ಹೋಗ್ತಿದ್ದೀರಿ ಅನ್ನಿಸ್ತಿದೆ. 2003ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 59ನೇ ಸುತ್ತು ನೋಡಿ. ಕೃಷಿ ಮಾಹಿತಿಗೆ ವಿಸ್ತರಣಾ ಸಿಬ್ಬಂದಿಯ, ಅಂದ್ರೆ ರೈತರಿಗೆ ಸಲಹೆ ಕೊಡೋ ಸರ್ಕಾರಿ ಸಿಬ್ಬಂದಿಯ ಮೊರೆ ಹೋದ ರೈತ ಕುಟುಂಬ ದೇಶದಲ್ಲಿ ಶೇ 5.7 ಮಾತ್ರ. ಪಕ್ಕದ ಪ್ರಗತಿಪರ ರೈತರಿಂದ ಕೇಳಿದವರು ಶೇ 16.7, ಔಷಧಿ ಗೊಬ್ಬರದ ಅಂಗಡಿಯಿಂದ ಶೇ 13.1, ರೇಡಿಯೊದಿಂದ ಶೇ 13. ಮೊಬೈಲ್ ಬರೋಕ್ಕೆ ಮುಂಚೆನೇ ಪರಿಸ್ಥಿತಿ ಹೀಗಿತ್ತು. ಸಿಬ್ಬಂದಿ ಇಲ್ಲ ಅಂತ ಕೊರಗೋ ಬದಲು ಫೋನಿಗೆ ಹೋಗೋಣ. ಕಿಸಾನ್ ಕಾಲ್ ಸೆಂಟರ್ 2004ರಿಂದ ಇದೆ, 1800-180-1551, ಕನ್ನಡದಲ್ಲೇ ಮಾತಾಡ್ತಾರೆ. ಫೋಟೊ ಕಳಿಸಿದ್ರೆ ರೋಗ ಹೇಳೋ ಆ್ಯಪ್‌ಗಳು ಬಂದಿವೆ. ಹೋಬಳಿಗೆ ಒಬ್ಬರು ಸಾಕು.

ತೊಗರಿ_ಕಣಜ · ಸೋಮವಾರ, 9:30

ಕೋಡ್ ಅಣ್ಣಾರ, ಕಲಬುರಗಿ ಜಿಲ್ಲಾದಿಂದ ಬರೀಲಿಕತ್ತೀನಿ. ಫೋನ್ ಬ್ಯಾಡ ಅಂತ ಯಾರೂ ಅನ್ನಂಗಿಲ್ಲ. ನಮ್ಮ ರಾಯಚೂರು ಕೃಷಿ ವಿವಿ ರೋಗ ಕೀಟಕ್ಕ ಪರಿಹಾರ ಹೇಳೋ ಇ-ಸ್ಯಾಪ್ ಅಂತ ತಂತ್ರಾಂಶ ಮಾಡಿ ಭಾಳ ವರ್ಷ ಆಯ್ತು, ಛಲೋನೇ ಅದ. ಆದ್ರ ಅದು ಸಿಬ್ಬಂದಿ ಕೈಯಾಗ ಇದ್ದು ಹೊಲಕ್ಕ ಬರೋ ವಸ್ತು.

ನೆಟೆ ರೋಗದ ಮಾತು ಹೇಳ್ತೀನಿ. 2022ರಾಗ ತೊಗರಿ ಹೂವು ಕಾಯಿ ಬಿಡೂ ಹೊತ್ತಿಗಿ ನಿಂತಲ್ಲೇ ಒಣಗಿತು. ಫೋಟೊ ತೆಗೆದ್ರ ಏನ್ ಕಾಣ್ತದ? ಒಣಗಿದ ಗಿಡ ಕಾಣ್ತದ. ನೀರು ಕಡಿಮಿ ಆಗಿ ಒಣಗಿದ್ದೂ ಹಂಗೇ ಕಾಣ್ತದ, ಬೇರು ಕೊಳೆತು ಒಣಗಿದ್ದೂ ಹಂಗೇ ಕಾಣ್ತದ. ಕಾಂಡ ಸೀಳಿ ನೋಡಬೇಕು, ಒಳಗ ಕರೀ ಗೆರಿ ಅದನೋ ಇಲ್ಲೋ. ಕೃಷಿ ವಿಜ್ಞಾನ ಕೇಂದ್ರದವರು ಬಂದು ಸೀಳಿ ತೋರಿಸಿದರು. ಒಂದ್ಸಲ ನೋಡಿದ ಮ್ಯಾಲ ಈಗ ನಾನೇ ಊರವರಿಗಿ ಸೀಳಿ ತೋರಸ್ತೀನಿ.

ತೊಗರಿಗಿ ಹೊಡೆಯೋ ಪೋಷಕಾಂಶದ ಮಿಶ್ರಣ ಪಲ್ಸ್ ಮ್ಯಾಜಿಕ್ ಕೂಡ ಹಂಗೇ. ಹೂ ಉದುರೂದು ನಿಲ್ತದ ಅಂದ್ರ ಯಾರೂ ನಂಬಲಿಲ್ಲ. ರಸ್ತೆ ಬಾಜೂಕ ಒಬ್ಬರ ಹೊಲದಾಗ ಅರ್ಧಕ್ಕ ಹೊಡೆದು ಅರ್ಧ ಬಿಟ್ಟರು. ಬಸ್ಸಿನಾಗ ಹೋಗೋ ಮಂದಿ ಎಲ್ಲಾ ನೋಡಿದರು. ಮುಂದಿನ ವರ್ಷ ಕೇಳಿ ತಗೊಂಡು ಹೊಡೆದರು. ಖರ್ಚು ಏನಾಯ್ತು? ಒಂದು ಎಕರೆದು.

ಕೋಡ್_ಕೃಷಿ · ಸೋಮವಾರ, 9:48

ಒಪ್ಪಿದೆ. ಕಾಂಡ ಸೀಳೋ ವಿಷಯ ನನಗೆ ಗೊತ್ತಿರಲಿಲ್ಲ.

ಗೊಬ್ಬರದಂಗಡಿ · ಸೋಮವಾರ, ಮಧ್ಯಾಹ್ನ 2:30

ಬೈಸಿಕೊಳ್ಳೋಕೆ ತಯಾರಾಗೇ ಬಂದಿದ್ದೀನಿ. ದಾವಣಗೆರೆ ಕಡೆ ಬೀಜ, ಗೊಬ್ಬರ, ಔಷಧಿ ಅಂಗಡಿ ನಂದು. ನೀವೆಲ್ಲ ಹೇಳ್ತಿರೋ ಆ ಖಾಲಿ ಹುದ್ದೆ ಇದೆಯಲ್ಲ, ಅದನ್ನ ಇಪ್ಪತ್ತು ವರ್ಷದಿಂದ ತುಂಬಿರೋದು ನಾವೇ.

2018ರ ಕತೆ ಕೇಳಿ. ಮೆಕ್ಕೆಜೋಳ ತಿನ್ನೋ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ಗುರುತಾಗಿದ್ದು ನಮ್ಮ ಪಕ್ಕದ ಶಿವಮೊಗ್ಗದಲ್ಲಿ, ಆ ವರ್ಷದ ಮೇ ತಿಂಗಳಲ್ಲಿ. ಜೂನ್ ಜುಲೈನಲ್ಲಿ ರೈತರು ಬೆಂಕಿಪೊಟ್ಟಣದಲ್ಲಿ ಹುಳ ಹಾಕ್ಕೊಂಡು ಅಂಗಡಿಗೆ ಬರೋರು. ನನಗೂ ಹೊಸ ಹುಳ. ಕಂಪನಿಯ ಹುಡುಗ ಬಂದು ಎರಡು ಔಷಧಿ ಬೆರೆಸಿ ಕೊಡಿ ಅಂದ. ಕೊಟ್ಟೆ. ರೈತರು ಬೆಳೆ ಮೇಲೆಲ್ಲ ಹೊಡೆದ್ರು, ಹುಳ ಸುಳಿಯೊಳಗೆ ಆರಾಮಾಗಿತ್ತು. ಇಮಾಮೆಕ್ಟಿನ್ ಲೀಟರಿಗೆ 0.4 ಗ್ರಾಂ ಸಾಕು, ಸುಳಿಗೆ ಬೀಳೋ ಹಾಗೆ ಹೊಡೀಬೇಕು ಅಂತ ನಮಗೆ ಗೊತ್ತಾಗೋ ಹೊತ್ತಿಗೆ ಅರ್ಧ ಹಂಗಾಮು ಮುಗಿದಿತ್ತು. ಹುಳ ದೊಡ್ಡದಾದ್ಮೇಲೆ ಹತ್ತು ಕೆಜಿ ಅಕ್ಕಿ ತೌಡು, ಎರಡು ಕೆಜಿ ಬೆಲ್ಲ ಕಲಸಿ ಒಂದು ದಿನ ಇಟ್ಟು, ಥಯೋಡಿಕಾರ್ಬ್ ನೂರು ಗ್ರಾಂ ಸೇರಿಸಿ ಸುಳಿಗೆ ಹಾಕೋ ವಿಷದ ಉಂಡೆ ಇದೆಯಲ್ಲ, ಅದನ್ನ ನನಗೆ ಹೇಳಿದ್ದು ಒಬ್ಬ ರೈತ. ಅವನಿಗೆ ಹೇಳಿದ್ದು ಸಂಪರ್ಕ ಕೇಂದ್ರದ ಒಬ್ಬರು. ನನಗೆ ಮೊದಲೇ ಹೇಳಿದ್ದಿದ್ರೆ ಮುನ್ನೂರು ಜನಕ್ಕೆ ಹೇಳ್ತಿದ್ದೆ.

ಆಮೇಲೆ ನಾನು ಅಂಗಡಿಯವರಿಗೆ ಅಂತ್ಲೇ ಇರೋ 'ಡೇಸಿ' ಡಿಪ್ಲೊಮಾ ಮಾಡ್ದೆ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯದು, ಒಂದು ವರ್ಷ, ವಾರಕ್ಕೊಂದು ದಿನ ಅಂಗಡಿ ಮುಚ್ಚಿ ಪಾಠಕ್ಕೆ ಹೋಗ್ಬೇಕು. ಕಣ್ಣು ತೆರೀತು ಅಂತ್ಲೇ ಹೇಳ್ತೀನಿ.

ಆದ್ರೆ ಒಂದು ಮಾತು ಯಾರೂ ಹೇಳ್ಲಿಲ್ಲ: ಉದ್ರಿ. ರೈತ ನನ್ನ ಹತ್ರ ಬರೋದು ನನ್ನ ಬುದ್ಧಿಗಲ್ಲ, ಸುಗ್ಗಿವರೆಗೆ ಸಾಲ ಕೊಡ್ತೀನಿ ಅಂತ. ಸಾಲ ಕೊಟ್ಟೋನು ಹೇಳಿದ ಔಷಧಿ ತಗೋಬೇಕಾಗುತ್ತೆ. ಸಂಪರ್ಕ ಕೇಂದ್ರದಲ್ಲಿ ಹತ್ತು ಜನ ಕೂತ್ರೂ ಇದು ಬದಲಾಗಲ್ಲ. ನನ್ನ ಸಲಹೆ: ಡಾಕ್ಟರ್ ಬರೆದು ಕೊಡೋ ಹಾಗೆ ಅಧಿಕಾರಿ ಚೀಟಿ ಬರೆದು ಕೊಡ್ಲಿ. ಔಷಧಿ ಹೆಸರು, ಪ್ರಮಾಣ, ಸಹಿ. ಚೀಟಿ ಹಿಡ್ಕೊಂಡು ಬಂದವನಿಗೆ ನಾನು ಬೇರೆ ಮಾರೋಕೆ ಮುಖ ಬರಲ್ಲ. ಉದ್ರಿನೂ ಅದಕ್ಕೇ ಕೊಡ್ತೀನಿ.

ಸೈಕಲ್_ಸಾಹೇಬ · ಸೋಮವಾರ, 4:05

ಚೀಟಿ! ನಮ್ಮ ಕಾಲದಲ್ಲಿ ಇದು ಹೊಳೆಯಲಿಲ್ಲ. ಅಂಗಡಿಯವರನ್ನು ಶತ್ರು ಎಂದೇ ತಿಳಿದಿದ್ದೆವು.

ಅಡಿಕೆ_ಸೋಗೆ · ಸೋಮವಾರ, ಸಂಜೆ 6:50

ತೀರ್ಥಹಳ್ಳಿ ಕಡೆಯಿಂದ ಒಂದು ದೂರು ಮಾರಾಯ್ರೆ. ನಮಗೆ ಈ ರೈತ ಸಂಪರ್ಕ ಕೇಂದ್ರ ಅನ್ನೋದೇ ನೆಂಟರ ಮನೆ ಇದ್ದ ಹಾಗೆ. ಗದ್ದೆ ಇದ್ದರೆ ಕೃಷಿ ಇಲಾಖೆ, ಗದ್ದೆ ಅಂಚಿನ ತೋಟಕ್ಕೆ ತೋಟಗಾರಿಕೆ ಇಲಾಖೆ, ಕೊಟ್ಟಿಗೆಗೆ ಪಶು ಇಲಾಖೆ. ಎಲೆಚುಕ್ಕಿ ರೋಗ ಬಂದು ತೋಟ ಸುಟ್ಟ ಹಾಗೆ ಆದಾಗ ಹೋಬಳಿಯಲ್ಲಿ ಕೇಳಿದರೆ "ಅಡಿಕೆ ನಮ್ಮದಲ್ಲ, ತಾಲ್ಲೂಕಿಗೆ ಹೋಗಿ". ತಾಲ್ಲೂಕಿಗೆ ಹೋದರೆ ಸಾಹೇಬರು ಮೀಟಿಂಗಿನಲ್ಲಿ. ಜನ ಕಡಿಮೆ ಅಂತೀರಿ, ಮೂರು ಇಲಾಖೆಯವರು ಮೂರು ಜೀಪಿನಲ್ಲಿ ಒಂದೇ ಊರಿಗೆ ಬೇರೆ ಬೇರೆ ದಿನ ಬರುವುದು ಯಾಕೆ? ಒಂದೇ ದಿನ, ಒಂದೇ ಜೀಪು ಅಂತ ಬರೆಯಿರಿ.

ಹೆಸರು_ಬೇಡ · ಸೋಮವಾರ, 7:15

ಜೀಪು ಅಂದ್ರಲ್ಲ, ನಗು ಬಂತು ಸರ್. ನಂದು ಸ್ವಂತ ಬೈಕು, ಪೆಟ್ರೋಲೂ ಸ್ವಂತದ್ದು. ಇಲಾಖೆಗಳನ್ನೇ ವಿಲೀನ ಮಾಡಿ ಅಂತ ಬರೆದ್ರೆ ಜ್ಯೇಷ್ಠತಾ ಪಟ್ಟಿ, ಬಡ್ತಿ ಅಂತ ಹತ್ತು ವರ್ಷ ಕೇಸು ನಡೆಯುತ್ತೆ. ಒಂದೇ ದಿನ ಒಟ್ಟಿಗೆ ಬನ್ನಿ ಅಂತ ಬರೆದ್ರೆ ಒಂದು ಸುತ್ತೋಲೆ ಸಾಕು.

ಧಾರವಾಡ_ವಿದ್ಯಾರ್ಥಿನಿ · ಸೋಮವಾರ, ರಾತ್ರಿ 8:40

ಕೃಷಿ ವಿಸ್ತರಣಾ ಶಿಕ್ಷಣದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಒಂದೇ ಎಚ್ಚರಿಕೆ: ಇದೆಲ್ಲ ಖಾಸಗಿಯವರಿಗೆ ವಹಿಸಿಬಿಡೋಣ ಎಂಬ ಮಾತು ಸಭೆಯಲ್ಲಿ ಬಂದೇ ಬರುತ್ತದೆ. ನೆದರ್ಲೆಂಡ್ಸ್ 1990ರಲ್ಲಿ ಹಾಗೆ ಮಾಡಿತು; ಅಲ್ಲಿಯ ಹೂವಿನ ಬೆಳೆಗಾರನಿಗೆ ಸಲಹೆಗೆ ಹಣ ಕೊಡುವ ಶಕ್ತಿ ಇತ್ತು. ಉಗಾಂಡಾ 2001ರಲ್ಲಿ ಗುತ್ತಿಗೆ ಸಲಹೆಗಾರರ ಪದ್ಧತಿ ತಂದಿತು. 2014ಕ್ಕೆ ಅವರನ್ನು ತೆಗೆದು, ಬೀಜ ಸಸಿ ಹಂಚುವ ಕೆಲಸವನ್ನು ಸೈನಿಕರಿಗೆ ಕೊಟ್ಟಿತು. ಹಂಚುವುದು ಉಳಿಯಿತು, ಹೇಳಿಕೊಡುವುದು ಹೋಯಿತು. ನಮ್ಮ ಕೌಂಟರಿನ ಕತೆ ಓದಿದಾಗ ಅದೇ ನೆನಪಾಯಿತು.

ಸಖಿ_ಶಿರಾ · ಮಂಗಳವಾರ, ಬೆಳಿಗ್ಗೆ 6:20

ಎಲ್ಲಾ ಓದಿದೆ. ಒಬ್ಬರಾದ್ರೂ ನಮ್ಮ ಹೆಸರು ಎತ್ತುತ್ತೀರೇನೋ ಅಂತ ಎರಡು ದಿನ ಕಾದೆ. ನಾನು ನಮ್ಮ ಪಂಚಾಯ್ತಿಯ ಕೃಷಿ ಸಖಿ. ಸಂಘದ ಮಹಿಳೆ, ತರಬೇತಿ ಆಗಿದೆ, ಪರೀಕ್ಷೆ ಬರೆದು ಸರ್ಟಿಫಿಕೇಟ್ ತಗೊಂಡಿದ್ದೀನಿ. ದೂರದವರು ಬರೋದು ಕಮ್ಮಿ ಆಯ್ತು ಅಂತ ಅಳ್ತಿದ್ದೀರಿ, ಊರಲ್ಲೇ ಇರೋರು ಕಾಣಲ್ಲ.

ನಾನು ಏನು ಮಾಡ್ತೀನಿ ಕೇಳಿ. ಮಣ್ಣಿನ ಮಾದರಿ ತೆಗೆಯೋದು: ಹೊಲದಲ್ಲಿ ಹತ್ತು ಕಡೆ ವಿ ಆಕಾರದಲ್ಲಿ ಅಗೆದು, ಅರ್ಧ ಅಡಿ ಆಳದ ಮಣ್ಣು, ಕಲಸಿ ನಾಕು ಪಾಲು ಮಾಡಿ ಅರ್ಧ ಕೆಜಿ ಉಳಿಸೋದು. ಗೊಬ್ಬರದ ಗುಂಡಿ ಹತ್ರ, ಮರದ ಬುಡದಲ್ಲಿ ತೆಗೀಬಾರದು ಅಂತ ಗಂಡಸರಿಗೂ ಹೇಳ್ಕೊಡೋದು. ಕಡ್ಲೆಕಾಯಿ ಬೀಜೋಪಚಾರ ಮಾಡಿಸೋದು, ಟ್ರೈಕೋಡರ್ಮ ಹಚ್ಚಿ ನೆರಳಲ್ಲಿ ಒಣಗಿಸಿ. ಹೂ ಬಿಡೋ ಹೊತ್ತಿಗೆ ಜಿಪ್ಸಂ ಹಾಕ್ಸೋದು. ಹೆಂಗಸರು ನನ್ನ ಹತ್ರ ಕೇಳ್ತಾರೆ, ಆಫೀಸಿಗೆ ಹೋಗಿ ಕೇಳಲ್ಲ.

ಕಷ್ಟ ಮೂರು. ಗೌರವಧನ ಕೆಲವೊಮ್ಮೆ ಐದಾರು ತಿಂಗಳು ತಡ. ಎರಡನೇದು, ಕಂಡ ಕಂಡ ಸರ್ವೇ ಎಲ್ಲ ನಮ್ಮ ತಲೆಗೆ ಕಟ್ತಾರೆ. ಮೂರನೇದೇ ದೊಡ್ಡದು: ನನಗೆ ಗೊತ್ತಿಲ್ಲದ ರೋಗ ಬಂದ್ರೆ ಯಾರನ್ನ ಕೇಳ್ಬೇಕು? ಫೋನ್ ಮಾಡಿದ್ರೆ ಎತ್ತೋರು ಒಬ್ಬರು ಬೇಕು. ಇಲ್ಲಾಂದ್ರೆ "ನಿಂಗೇನು ಗೊತ್ತಮ್ಮ" ಅಂತ ಒಂದ್ಸಲ ಅನ್ನಿಸ್ಕೊಂಡ್ರೆ ಆ ಮನೆ ಬಾಗಿಲು ಮುಚ್ಚಿದ ಹಾಗೇ.

ಸೈಕಲ್_ಸಾಹೇಬ · ಮಂಗಳವಾರ, 7:30

ಅಮ್ಮ, ತಪ್ಪು ನಮ್ಮದು. ಭೂಚೇತನ ಯೋಜನೆಯಲ್ಲಿ, 2009ರಿಂದ, ರೈತ ಅನುವುಗಾರರು ಎಂದು ಊರಿನ ಯುವಕರನ್ನೇ ತೆಗೆದುಕೊಂಡಿದ್ದೆವು. ಹೈದರಾಬಾದ್ ಬಳಿಯ ಇಕ್ರಿಸಾಟ್ ಸಂಶೋಧನಾ ಸಂಸ್ಥೆ ಮಾಡಿದ ಮಣ್ಣು ಪರೀಕ್ಷೆಯ ಫಲಿತಾಂಶ ಗೋಡೆಗೆ ಬರೆಸಿ, ಸತು, ಬೋರಾನು, ಗಂಧಕ ಎಂಬ ಮೂರು ಮಾತನ್ನು ಮನೆಮನೆಗೆ ಮುಟ್ಟಿಸಿದವರು ಅವರು. ಯೋಜನೆಯ ಹಣ ಕರಗಿದ ಮೇಲೆ ಅವರನ್ನು ಕೇಳುವವರಿರಲಿಲ್ಲ. ನಿಮಗೂ ಹಾಗೆ ಮಾಡುತ್ತಾರೆಂಬ ಭಯ ನನಗಿದೆ. ಬರವಣಿಗೆಯಲ್ಲಿ ನಿಮ್ಮ ಗೌರವಧನದ ದಿನಾಂಕವನ್ನೂ ಸೇರಿಸಬೇಕು.

ಹೆಸರು_ಬೇಡ · ಮಂಗಳವಾರ, 7:44

ಸಖಿ ಅಕ್ಕ, ಫೋನ್ ಎತ್ತೋ ಕೆಲಸ ನಾನು ಮಾಡಬಲ್ಲೆ. ಹೋಬಳಿಯಲ್ಲಿ ಐದಾರು ಪಂಚಾಯ್ತಿ, ಐದಾರು ಸಖಿಯರು. ಸಾವಿರಾರು ರೈತರ ಫೋನ್ ಎತ್ತೋಕೆ ಆಗಲ್ಲ, ಆರು ಜನರದ್ದು ಎತ್ತಬಹುದು.

ಗೋವಿನಜೋಳ_ಹಾವೇರಿ · ಮಂಗಳವಾರ, ರಾತ್ರಿ 9:05

ಇಷ್ಟು ಬರತದ ಅಂತ ಅನಕೊಂಡಿರಲಿಲ್ಲ. ಅಕ್ಕಾರ, ನಮ್ಮ ಪಂಚಾಯ್ತಿಗೂ ಒಬ್ಬಾಕಿ ಕೃಷಿ ಸಖಿ ಇದಾಳ ಅಂತ ನನಗ ಇವತ್ತ ಗೊತ್ತಾತು. ನಮ್ಮ ಓಣಿಯಾಕಿನ! ನಾಚಿಕಿ ಆತು.

ಹಿಂಗ ಬರದೀನಿ, ತಿದ್ರಿ:

ಬೀಜ, ಟಾರ್ಪಾಲು, ಪೈಪು ವಿತರಣಿ ಸೊಸೈಟಿಗೆ. ಸದಸ್ಯ ಇರಲಿ ಬಿಡಲಿ ಎಲ್ಲಾರಿಗೂ ಕೊಡಬೇಕು, ದಾಸ್ತಾನು ಎಷ್ಟು ಬಂತು ಎಷ್ಟು ಹೋತು ಬೋರ್ಡಿನ ಮ್ಯಾಲೆ ಬರೀಬೇಕು. ಗೇಣಿದಾರರ ಮಾತಿಗೆ ಹಾದಿ ಸಿಗಲಿಲ್ಲ, ಸಭಾದಾಗ ಎತ್ತತೀನಿ. ಅಧಿಕಾರಿ ವಾರದಾಗ ಎರಡು ಮುಂಜಾನಿ ಹೊಲದಾಗ ಇರಬೇಕು, ಆ ಎರಡು ಮುಂಜಾನಿ ಯಾವ ಮೀಟಿಂಗಿಗೂ ಕರೀಬಾರದು. ಸಖಿಯರ ಫೋನು ಅವರು ಎತ್ತಬೇಕು, ಸಖಿಯರ ರೊಕ್ಕ ತಿಂಗಳ ಹತ್ತನೇ ತಾರೀಖಿನೊಳಗ ಬರಬೇಕು. ಔಷಧಿಗೆ ಚೀಟಿ. ಪಂಚಾಯ್ತಿಗೊಂದು ರಸ್ತೆ ಬಾಜೂ ಪ್ರಾತ್ಯಕ್ಷಿಕೆ, ಬಾವಿ ಇಲ್ಲದವರ ಹೊಲದಾಗ. ಮಂಗಳವಾರ ಹದಿನೈದು ದಿನಕ್ಕೊಮ್ಮೆ ಕೃಷಿ, ತೋಟಗಾರಿಕೆ, ಪಶು ಮೂರೂ ಇಲಾಖೆಯವರು ಒಂದೇ ಕಡೆ ಕೂಡಬೇಕು, ಊರಿನ ಹೆಸರು ಗೋಡಿಗೆ ಬರೀಬೇಕು.

ಗೊಬ್ಬರದಂಗಡಿ · ಮಂಗಳವಾರ, 9:22

ಚೀಟಿ ಎರಡು ಪ್ರತಿ ಇರಲಿ. ಒಂದು ನನ್ನ ಹತ್ರ ಉಳೀಲಿ, ತಪಾಸಣೆಗೆ ಬಂದಾಗ ತೋರಿಸ್ತೀನಿ.

ತೊಗರಿ_ಕಣಜ · ಮಂಗಳವಾರ, 9:30

ಮಂಗಳವಾರ ಬ್ಯಾಡ್ರಿ. ನಿಮ್ಮ ಹೋಬಳಿ ಸಂತಿ ಯಾವಾಗ?

ಗೋವಿನಜೋಳ_ಹಾವೇರಿ · ಮಂಗಳವಾರ, 9:33

ಶುಕ್ರವಾರ. ಅದಕ್ಕ ಮಂಗಳವಾರ ಅಂದೆ, ಸಂತಿ ದಿನ ಗದ್ದಲ ಇರತೈತಿ.

ತೊಗರಿ_ಕಣಜ · ಮಂಗಳವಾರ, 9:35

ಗದ್ದಲ ಇರೋ ದಿನಾನೇ ಮಂದಿ ಬರ್ತಾರ. ಮಂಗಳವಾರ ಯಾರು ದಗದ ಬಿಟ್ಟು ಬರ್ತಾರ್ರಿ?

ಸಖಿ_ಶಿರಾ · ಮಂಗಳವಾರ, 9:41

ಸಂತೆ ದಿನವೇ ಇರಲಿ ಅಣ್ಣ. ಹೆಂಗಸರು ಊರು ಬಿಟ್ಟು ಹೊರಗೆ ಬರೋದು ಅದೊಂದೇ ದಿನ. ಆದ್ರೆ ಹನ್ನೆರಡರೊಳಗೆ, ಆಮೇಲೆ ಬಸ್ಸಿರಲ್ಲ.

ಗೋವಿನಜೋಳ_ಹಾವೇರಿ · ಮಂಗಳವಾರ, 9:44

ಮಂಗಳವಾರ ಹೊಡದ್ಹಾಕಿ ಶುಕ್ರವಾರ ಅಂತ ಬರದೆ. ಮುಂಜಾನಿ ಹತ್ತರಿಂದ ಹನ್ನೆರಡು, ಸಂತಿ ಬೇವಿನಗಿಡದ ಕೆಳಗ.